ಬಾಟಾ ಭಾವ

ನಮ್ಮ ಅಕ್ಕನ ಗಂಡ ಲಾರಿ ಡ್ರೈವರ್. ಅವರು ಓಡಿಸುವ ಲಾರಿ ಆಗಾಗ ಬದಲಾಗುತ್ತಿರುತ್ತದೆ, ಕೇಳುವ ಪ್ರಶ್ನೆ ಮಾತ್ರ ಬದಲಾಗಿಲ್ಲ. "ಮೇಷ್ಟ್ರೇ, ಕಂಪನಿ ಗಾಡಿ ಹಿಡೀಲೋ, ಓನರ್ ಗಾಡೀಲೇ ಇರ್ಲೋ?" ಈ ಫೋನು ಬರುವುದು ರಾತ್ರಿ ಹನ್ನೊಂದರ ಮೇಲೆ. ಆ ಹೊತ್ತಿಗೆ ಯಾವುದೋ ಗೋಡೌನ್ ಮುಂದೆ ಅವರಿಗೆ ಅನ್‌ಲೋಡಿಂಗ್ ಸರದಿ ಬಂದಿರುವುದಿಲ್ಲ, ನಿದ್ದೆಯೂ ಬಂದಿರುವುದಿಲ್ಲ. ನನಗೆ ಬಂದಿರುತ್ತದೆ.

ಭಾವ ಒಬ್ಬರೇ ಹೀಗೆ ಎಂದುಕೊಳ್ಳಬೇಡಿ. ಯಶವಂತಪುರದ ಯಾರ್ಡಿರಲಿ, ನಿಪ್ಪಾಣಿ ಕಡೆಯ ಡಾಬಾ ಇರಲಿ, ನಾಲ್ಕು ಲಾರಿ ನಿಂತ ಕಡೆ ಈ ತಕ್ಕಡಿ ಹಿಡಿದವರು ಇಬ್ಬರಾದರೂ ಸಿಗುತ್ತಾರೆ. ಒಂದು ತಟ್ಟೆಯಲ್ಲಿ ಕಂಪನಿ: ತಿಂಗಳಿಗೆ 20 ಸಾವಿರ, ಪಿ.ಎಫ್., ಇ.ಎಸ್.ಐ., ಹೊಸ ಗಾಡಿ. ಇನ್ನೊಂದರಲ್ಲಿ ಓನರ್: ಸಂಬಳ 12 ಸಾವಿರ, ಮೇಲೆ ದಿನದ ಊಟದ ಖರ್ಚಿಗೆ ಬಾಟಾ, ರಿಟರ್ನ್ ಲೋಡ್ ಸಿಕ್ಕರೆ ಕೈಗಷ್ಟು, ಮಗಳ ಮದುವೆಗೆ ಅಡ್ವಾನ್ಸು, ಸಿಟ್ಟು ಬಂದರೆ "ಕೀ ಇಟ್ಟು ಹೋಗು" ಎಂಬ ಮಾತು. ಬಾಟಾದಲ್ಲಿ ಉಳಿಸಲೆಂದೇ ಭಾವ ಮನೆಯಿಂದ ರಾಗಿ ಹಿಟ್ಟು ಒಯ್ದು, ರಸ್ತೆ ಪಕ್ಕ ಸ್ಟೌ ಹಚ್ಚಿ ಮುದ್ದೆ ತೊಳಸುತ್ತಾರೆ. ನಮ್ಮ ಮಕ್ಕಳು ಬಾಟಾ ಮಾವ ಎನ್ನುವುದು ಸುಮ್ಮನೆ ಅಲ್ಲ.

ಮೊಳಕಾಲ್ಮೂರಿನಿಂದ ಹಿರಿಯೂರಿಗೆ ನನಗೆ ವರ್ಗವಾದಾಗ ಸಾಮಾನು ಸಾಗಿಸಲು ಭಾವನೇ ಲಾರಿ ತಂದರು. ಬಾಡಿಗೆ ಬೇಡವೇ ಬೇಡ ಎಂದರು. ಅದನ್ನು ನಾನು ಕಿವಿಯಲ್ಲಿ ತೀರಿಸಿದೆ. ಹೆಂಡತಿ ಮಕ್ಕಳನ್ನು ಮುಂಚೆಯೇ ಬಸ್ಸಿಗೆ ಹತ್ತಿಸಿ, ತಾಡಪಾಲು ಬಿಗಿದು ಹೊರಡುವಾಗ ಸಂಜೆಯಾಗಿತ್ತು. ಚಳ್ಳಕೆರೆ ಬರುವ ಹೊತ್ತಿಗೆ ಓನರ್ ಗಾಡಿ ಮುಂದಿತ್ತು. ಸಾಣಿಕೆರೆ ಹತ್ತಿರ ಕಂಪನಿ ಗಾಡಿ ಓವರ್‌ಟೇಕ್ ಮಾಡಿತು. ಬಾಯಿಲೆಕ್ಕ ಸಾಲದೆ ಭಾವ ಲಾರಿಯನ್ನು ಪಕ್ಕಕ್ಕೆ ಹಾಕಿ, ಮುಂದಿನ ಗಾಜಿನ ಒಳಮೈಗೆ ಕೂತಿದ್ದ ಧೂಳಿನಲ್ಲಿ ಬೆರಳಿಟ್ಟು ಬರೆಯತೊಡಗಿದರು.

"ಪಿ.ಎಫ್. ಅಂತ 1,800 ಹಿಡೀತಾರೆ. ಬರ್ಕೊಂಡೆ. 21 ಸಾವಿರ ದಾಟಿದ್ರೆ ಇ.ಎಸ್.ಐ. ಕಾರ್ಡ್ ಹೋಗುತ್ತೆ. ಅಂದ್ರೆ ಸಂಬಳ ಏರಿದ್ರೂ ಲುಕ್ಸಾನು! ಆಮೇಲೆ ಜಿ.ಪಿ.ಎಸ್. ಟೀಗೆ ನಿಂತ್ರೆ ಫೋನು, ಮೂತ್ರಕ್ಕೆ ನಿಂತ್ರೆ ಫೋನು. ಮೇಷ್ಟ್ರೇ, ಇದಕ್ಕೆಷ್ಟು ಕಳೆಯೋಣ?"

ನಾನು ಎರಡು ಸಾವಿರ ಎಂದೆ. ಕಡಿಮೆಯಾಯಿತು ಎಂದರು. ಮೂರಕ್ಕೆ ಒಪ್ಪಂದವಾಯಿತು. ಅಂಕಿಗಳು ನನ್ನ ಕಡೆಯ ಗಾಜಿಗೂ ಹರಿದು ಬಂದವು, ನಾನು ಬಾಗಿಲಿಗೆ ಒತ್ತಿಕೊಂಡೆ. ಎದುರಿನಿಂದ ಬರುವ ಗಾಡಿಯ ಹೆಡ್‌ಲೈಟ್ ಬಿದ್ದಾಗಲೆಲ್ಲ ಭಾವನ ಇಡೀ ಬದುಕು ಕೂಡು-ಕಳೆ ಸಮೇತ ಹೊಳೆಯುತ್ತಿತ್ತು. ಕೊನೆಗೆ ಓನರ್ ಗಾಡಿಗೆ ಮುನ್ನೂರು ರೂಪಾಯಿ ಲಾಭ ಎಂದು ತೇಲಿತು. ಭಾವ ಅದನ್ನೇ ಒಂದು ಗಳಿಗೆ ನೋಡಿ, "ಮಾಮೂಲಿ, ಪಂಕ್ಚರ್ ಬಿಟ್ಟೇ ಹೋಯ್ತಲ್ಲ" ಎಂದು ಟವೆಲ್ಲಿನಿಂದ ಎಲ್ಲವನ್ನೂ ಒರೆಸಿ ಮೊದಲಿನಿಂದ ಶುರು ಮಾಡಿದರು. ಹಿರಿಯೂರಿನ ಹೊಸ ಮನೆಯ ಮೆಟ್ಟಿಲ ಮೇಲೆ ನನ್ನ ಹೆಂಡತಿ, ನಿದ್ದೆ ಹೋದ ಮಕ್ಕಳು, ಒಂದು ಉಪ್ಪಿನಕಾಯಿ ಜಾಡಿ. ಬೀಗದ ಕೈ ನನ್ನ ಜೇಬಿನಲ್ಲಿ. ಅತ್ತಿಗೆಯ ಗಂಡನನ್ನು ಬಯ್ಯಬಾರದೆಂದು ಆಕೆ ಆ ರಾತ್ರಿಯನ್ನು ಇವತ್ತಿಗೂ ನನ್ನ ಖಾತೆಗೇ ಬರೆದಿದ್ದಾಳೆ.

ಭಾವನ ಉಳಿದ ಗುಣಗಳು ನಿರುಪದ್ರವಿ. ಮದುವೆ ಮನೆಯಲ್ಲಿ ಮಂಟಪದ ಕಡೆ ತಿರುಗಿಯೂ ನೋಡದೆ, ಬಂದವರು ಕಾರು ರಿವರ್ಸ್ ತೆಗೆಯುವುದನ್ನು ನೋಡುತ್ತ ಹೊರಗೆ ಕೂರುತ್ತಾರೆ. ಶಿರಾಡಿ ಘಾಟಿಯಲ್ಲಿ ಮಳೆಯಲ್ಲೂ ಲಾರಿ ಇಳಿಸುವ ಮನುಷ್ಯ, ನನ್ನ ಸ್ಕೂಟರಿನ ಹಿಂದೆ ಕೂತರೆ ನನ್ನ ಹೆಗಲು ಬಿಡುವುದಿಲ್ಲ.

ಆ ತಕ್ಕಡಿ ಹುಟ್ಟಿದಾಗಿನಿಂದಲೇ ಅವರ ಕೈಯಲ್ಲಿತ್ತೆಂದಲ್ಲ. ಅದಿರಿನ ಕಾಲದಲ್ಲಿ ಸಂಡೂರು ಕಡೆಯಿಂದ ಬೇಲೆಕೇರಿಗೆ ಲೋಡ್ ಹೊಡೆಯುತ್ತಿದ್ದಾಗ ಭಾವ ಲೆಕ್ಕವನ್ನೇ ಹಾಕುತ್ತಿರಲಿಲ್ಲ, ದುಡ್ಡು ಎಣಿಸುತ್ತಿದ್ದರು. ಅಕ್ಕನ ಕೈಗೆ ಬಳೆ ಬಂತು. ಕೆ.ಎಸ್.ಆರ್.ಟಿ.ಸಿ. ಡ್ರೈವರ್ ಕೆಲಸದ ಟೆಸ್ಟಿಗೆ ಕರೆ ಬಂದ ದಿನವೇ ಲೋಡಾಗಿತ್ತು, ಟೆಸ್ಟಿಗೆ ಹೋಗಲಿಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು, ಮುಂದಿನ ತಿಂಗಳು ನಮ್ಮ ಚಿತ್ರದುರ್ಗದ್ದೂ ತುಮಕೂರಿನದ್ದೂ ನಿಂತಿತು. ನಿಂತ ಲಾರಿಗಳ ಗಾಲಿ ಸಂದಿಯಲ್ಲಿ ಹುಲ್ಲು ಬೆಳೆಯಿತು, ಫೈನಾನ್ಸಿನವರು ಬಂದು ಒಂದೊಂದನ್ನೇ ಎಳೆದೊಯ್ದರು, ಬಳೆ ಗಿರವಿ ಅಂಗಡಿ ಸೇರಿತು. ಈಗ ಹೈವೇಯಲ್ಲಿ ಕೆಂಪು ಬಸ್ಸು ಹಿಂದೆ ಹಾರ್ನ್ ಮಾಡಿದರೆ ಭಾವ ತಕ್ಷಣ ಸೈಡ್ ಕೊಡುತ್ತಾರೆ. "ಹೋಗ್ಲಿ, ಪುಣ್ಯವಂತ. ತಿಂಗಳ ಸಂಬಳದೋನು."

ಆಮೇಲೆ ಕಂಪನಿ ಸೇರಿದ್ದೂ ಉಂಟು, ಒಂದಲ್ಲ, ಹಲವು. ಬಿಟ್ಟಾಗಲೆಲ್ಲ ಪಿ.ಎಫ್. ದುಡ್ಡನ್ನು ಪೂರ್ತಿ ಬಿಡಿಸಿಕೊಂಡು ಹಬ್ಬ ಮಾಡಿದರು. ಪಿ.ಎಫ್. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು, ಬಿಡಿಸಿಕೊಂಡರೆ ಎಣಿಕೆ ಮತ್ತೆ ಸೊನ್ನೆಯಿಂದ ಎಂದು ನಾನು ಬೋರ್ಡಿನ ಮೇಲೆ ಬರೆದಂತೆ ವಿವರಿಸಿದೆ. "ಹತ್ತು ವರ್ಷ ಆದ್ಮೇಲೆ ಎಷ್ಟು ಕೊಡ್ತಾರೆ?" ಕನಿಷ್ಠ ಸಾವಿರ ರೂಪಾಯಿ ಎಂದೆ. ಭಾವ ನಗಲೂ ಇಲ್ಲ. "ನಿಮಗೆಷ್ಟು ಬರುತ್ತೆ?" ಎಂದರು. 2006ರ ಏಪ್ರಿಲ್ ನಂತರ ಸೇರಿದವರಿಗೆ ಹಳೇ ಪಿಂಚಣಿ ಇಲ್ಲ, ಎನ್.ಪಿ.ಎಸ್., ಮಾರುಕಟ್ಟೆ ಹೇಗಿರುತ್ತೋ ಹಾಗೆ ಎಂದು ತಡವರಿಸಿದೆ. ಅಷ್ಟು ವರ್ಷ ನನ್ನನ್ನು ಭದ್ರತೆಯ ಪ್ರತಿಮೆಯಂತೆ ನೋಡುತ್ತಿದ್ದ ಮನುಷ್ಯ ನನ್ನ ಬೆನ್ನು ಸವರಿ, ಟೀ ಜೊತೆಗೆ ಬನ್ನನ್ನೂ ಕೊಡಿಸಿದರು.

ಅವರಿಗೆ ನಿಜವಾಗಿ ಭಯವಿರುವುದು ಕಂಪನಿಯದ್ದೂ ಅಲ್ಲ, ಓನರಿನದ್ದೂ ಅಲ್ಲ. ಹೆವಿ ಲೈಸೆನ್ಸ್ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಡಾಕ್ಟರ ಸರ್ಟಿಫಿಕೇಟ್ ಬೇಕು. ಈಚೆಗೆ ಊರಿಗೆ ಬಂದಾಗ ಭಾವ ಅಡುಗೆಮನೆ ಬಾಗಿಲಲ್ಲಿ ನಿಂತು, ಒಂದು ಕಣ್ಣು ಮುಚ್ಚಿ, ಎದುರು ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಹಬ್ಬಗಳನ್ನು ಓದುತ್ತಾರಂತೆ. ಅರ್ಧ ಹಬ್ಬಗಳನ್ನು ಬಾಯಿಪಾಠದಿಂದ ಹೇಳುತ್ತಾರೆ ಎಂದು ಅಕ್ಕ ನನ್ನ ಹತ್ತಿರ ಪಿಸುಗುಟ್ಟಿದಳು. ನಗಲು ಹೋದವಳು ನಗಲಿಲ್ಲ.

ಮೊನ್ನೆ ಮತ್ತೆ ಫೋನು. ಈ ಸಲ ಪ್ರಶ್ನೆಯೇ ಬೇರೆ. ಒಂದು ಸೆಕೆಂಡ್ ಹ್ಯಾಂಡ್ ಲಾರಿ ನೋಡಿದ್ದಾರೆ, ಸೊಸೈಟಿ ಸಾಲಕ್ಕೆ ಕಾಯಂ ನೌಕರರ ಜಾಮೀನು ಬೇಕು. ಅಂದರೆ ನಾನು. ಲಾರಿ ನೀವೇ ಓಡಿಸುತ್ತೀರಾ ಎಂದೆ.

"ಇನ್ನೆಷ್ಟು ದಿನ ನಾನೇ ಓಡಿಸ್ಲಿ? ಒಬ್ಬ ಹುಡುಗನ್ನ ಇಟ್ಕೊಳ್ಳೋದು."

"ಸಂಬಳ?"

"ಹತ್ತು ಸಾವಿರ. ಬಾಟಾ ಬೇರೆ."

"ಪಿ.ಎಫ್.?"

"ಒಂದು ಗಾಡಿಗೆ ಯಾವ ಪಿ.ಎಫ್. ಮೇಷ್ಟ್ರೇ! ಅದಲ್ಲ ಸಮಸ್ಯೆ. ಈಗಿನ ಡ್ರೈವರ್‌ಗಳಿಗೆ ನಿಯತ್ತೇ ಇಲ್ಲ. ಎಲ್ಲೋ ಐನೂರು ಜಾಸ್ತಿ ಅಂದ್ರೆ ಸಾಕು, ನಡುದಾರೀಲಿ ಕೀ ಕೊಟ್ಟು ಹೋಗ್ತಾರೆ."