ಎಫ್‌ಎ ಒಂದಕ್ಕೆ ಮುಹೂರ್ತ ಯಾವಾಗ?

ನಂಜನಗೂಡು, ಟಿ. ನರಸೀಪುರದ ನಾಲ್ಕನೇ, ಐದನೇ ಕ್ಲಾಸಿನ ಮಕ್ಕಳಿಗೆ ಪರೀಕ್ಷೆಯ ದಿನ ಗೊತ್ತು ಮಾಡುವವರು ಮೊದಲು ಒಂಟಿಕೊಪ್ಪಲ್ ಪಂಚಾಂಗವೊಂದನ್ನು ಕೊಂಡಿಟ್ಟುಕೊಳ್ಳುವುದು ಕ್ಷೇಮ.

ಜೂನಿನಲ್ಲಿ ಸೇತುಬಂಧ. ಹೋದ ವರ್ಷ ಕಲಿತದ್ದರಲ್ಲಿ ಎಷ್ಟನ್ನು ಅಜ್ಜಿ ಮನೆಯಲ್ಲೇ ಬಿಟ್ಟುಬಂದಿದ್ದಾರೆಂದು ತಿಳಿಯಲು ನೈದಾನಿಕ ಪರೀಕ್ಷೆ, ಕೊನೆಗೆ ಸಾಫಲ್ಯ ಪರೀಕ್ಷೆ. ಇಷ್ಟು ಸುಸೂತ್ರ. ಎಫ್‌ಎ ಒಂದು, ಅಂದರೆ ಮೊದಲ ರೂಪಣಾತ್ಮಕ ಮೌಲ್ಯಮಾಪನ, ಎನ್ನುವ ಹೊತ್ತಿಗೆ ವಯನಾಡಿನಲ್ಲಿ ಮಳೆ ಹಿಡಿಯುತ್ತದೆ, ಬೀಚನಹಳ್ಳಿ ಡ್ಯಾಮಿನ ಗೇಟು ಏಳುತ್ತದೆ, ಕಪಿಲೆ ನಂಜನಗೂಡಿನ ಸ್ನಾನಘಟ್ಟ ಹತ್ತುತ್ತಾಳೆ. ನೆರೆ ರಜೆ! ಓದದೆ ಕೂತಿದ್ದ ಹುಡುಗರಿಗೆ ಅಂದಿನಿಂದ ನದಿಯ ಮೇಲೆ ಭಕ್ತಿ.

ಎಸ್‌ಎ ಒಂದು, ಅಂದರೆ ಮೊದಲ ಸಂಕಲನಾತ್ಮಕ ಮೌಲ್ಯಮಾಪನ, ಮುಗಿಸಿ ಉಸಿರು ಬಿಟ್ಟರೆ ದಸರಾ. ಆಮೇಲೆ ನಂಜನಗೂಡಿನ ಚಿಕ್ಕ ಜಾತ್ರೆ, ಸುತ್ತೂರು ಜಾತ್ರೆ, ಮುಡುಕುತೊರೆ ಜಾತ್ರೆ. ನರಸೀಪುರದ ಕುಂಭಮೇಳ ಬೇರೆ. 2025ರಲ್ಲಿ ಬಂದದ್ದು ಫೆಬ್ರವರಿ 10ರಿಂದ 12ರವರೆಗೆ. ಎಸ್‌ಎ ಎರಡರ ಹೊತ್ತಿಗೆ ದೊಡ್ಡ ಜಾತ್ರೆ. ರಥಬೀದಿಯಲ್ಲಿ ಪಂಚರಥ ಎಣಿಸಿ ಬಂದವನನ್ನು ಮರುದಿನ ಕೂರಿಸಿಕೊಂಡು, ಇವನಿಗೆ ಐದರವರೆಗೆ ಎಣಿಸಲು ಬರುತ್ತದೆಯೇ ಎಂದು ನಾವು ಅಳೆಯುತ್ತೇವೆ.

ಜಾತ್ರೆ ತಪ್ಪಿದರೂ ಕೋರ್ಟು ತಪ್ಪದು. 2024ರ ಮಾರ್ಚಿನಲ್ಲಿ ಐದನೇ ಕ್ಲಾಸಿನ ಪುಟಾಣಿಗಳ ಬೋರ್ಡ್ ಪರೀಕ್ಷೆ ಶುರುವಾಯಿತು. ಸುಪ್ರೀಂ ಕೋರ್ಟ್ ನಿಲ್ಲಿಸಿತು. ಹೈಕೋರ್ಟ್ ಮುಂದುವರಿಸಿ ಅಂದಿತು. ಬರೆದು ಮುಗಿಸಿದ ಮೇಲೆ ಏಪ್ರಿಲಿನಲ್ಲಿ ಫಲಿತಾಂಶಕ್ಕೇ ಸುಪ್ರೀಂ ತಡೆ ಬಿತ್ತು. ಹತ್ತು ವರ್ಷದ ಮಗುವಿಗೆ ಗುಣಾಕಾರಕ್ಕಿಂತ ಮೊದಲು ತಡೆಯಾಜ್ಞೆ ಗೊತ್ತಾಯಿತು.

ತಮಾಷೆಯೆಂದರೆ, ಈ ತಾರೀಖಿನ ಕಾಟಕ್ಕೆ ಮದ್ದು ಪಕ್ಕದ ತಾಲ್ಲೂಕಿನಲ್ಲೇ ಸಿಕ್ಕಿತ್ತು. ರಿಷಿವ್ಯಾಲಿಯ ಪದ್ಧತಿ ನೋಡಿಬಂದ ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು 1995ರಲ್ಲಿ ನಲಿ-ಕಲಿ ಶುರುಮಾಡಿದರು. ಅಲ್ಲಿ ಪರೀಕ್ಷೆಗೆ ತಾರೀಖಿಲ್ಲ. ಗೋಡೆಯ ಮೇಲೊಂದು ಕಲಿಕಾ ಏಣಿ. ಮಗು ಕಾರ್ಡು ಮುಗಿಸಿಕೊಂಡು ಒಂದು ಮೈಲಿಗಲ್ಲು ತಲುಪಿದಾಗ ಮೌಲ್ಯಮಾಪನ. ಜ್ವರ ಬಂತೋ, ಜಾತ್ರೆಗೆ ಹೋಯಿತೋ, ವಾಪಸು ಬಂದು ನಿಲ್ಲಿಸಿದ ಮೆಟ್ಟಿಲಿನಿಂದಲೇ ಹತ್ತುತ್ತದೆ. ಪಕ್ಕದವಳು ಮುಂದೆ ಹೋಗಿದ್ದಾಳೆಂದು ಯಾರೂ ಕಿವಿ ಹಿಂಡುವುದಿಲ್ಲ.

ಹೆಗ್ಗಡದೇವನಕೋಟೆಯ ಡ್ಯಾಮಿನ ನೀರೂ ನಂಜನಗೂಡಿಗೆ ಬಂತು, ನಲಿ-ಕಲಿಯೂ ಬಂತು. ನೀರು ನರಸೀಪುರ ದಾಟಿ ಕಾವೇರಿಯ ಜೊತೆ ಹೋಗುತ್ತಲೇ ಇದೆ. ನಲಿ-ಕಲಿಗೆ ಮಾತ್ರ ಮೂರನೇ ಕ್ಲಾಸಿನಲ್ಲೇ ಕಟ್ಟೆ. ನಾಲ್ಕಕ್ಕೆ ಕಾಲಿಟ್ಟ ಮಗುವಿನ ಕೈಯಿಂದ ಏಣಿ ಕಿತ್ತುಕೊಂಡು ಟೈಮ್‌ಟೇಬಲ್ ಕೊಡುತ್ತೇವೆ. ಅದೇ ಮಗು, ಅದೇ ಮೇಷ್ಟ್ರು, ಅದೇ ಕೋಣೆ!

ನಿಜ ಹೇಳಿ, ತಾರೀಖು ಬೇಕಿರುವುದು ಮಗುವಿಗೋ, ಅಂಕ ಒಟ್ಟುಮಾಡಿ ಮೇಲಕ್ಕೆ ಕಳಿಸುವವರಿಗೋ? ಅವರಿಗೇ ಆದರೆ ಪರೀಕ್ಷೆಯೂ ಅವರಿಗೇ ಇರಲಿ. ದೊಡ್ಡ ಜಾತ್ರೆಯ ದಿನವೇ ಇಡೋಣ, ಎಷ್ಟು ಜನ ಹಾಜರಾಗುತ್ತಾರೋ ಹುಡುಗರೇ ಎಣಿಸಲಿ.