ಮಳೆರಜಾ ಮೀಮಾಂಸೆ

ಮಳೆಯಿಂದ ರಜೆ ಬರುತ್ತದೆ ಎಂಬುದು ಪಾಮರರ ನಂಬಿಕೆ. ಹಾಸನ ಜಿಲ್ಲೆಯ 8 ತಾಲ್ಲೂಕುಗಳ ಮಕ್ಕಳು ತಲೆಮಾರುಗಳಿಂದ ಕಿಟಕಿಯ ಪಕ್ಕ ಕೂತು ನಡೆಸಿದ ಅಧ್ಯಯನ ಬೇರೆಯೇ ಹೇಳುತ್ತದೆ. ಮಳೆ ಕೇವಲ ನಿಮಿತ್ತ. ರಜೆಯ ಕರ್ತೃ ಡಿಸಿ ಸಾಹೇಬರು.

ಮೊದಲು ಪೂರ್ವಪಕ್ಷ. ಹವಾಮಾನ ಪಂಡಿತರ ಪ್ರಕಾರ ಅರಬ್ಬಿ ಸಮುದ್ರದ ನೈಋತ್ಯ ಗಾಳಿ ಕರಾವಳಿ ದಾಟಿ, ಪಶ್ಚಿಮಘಟ್ಟ ಹತ್ತಿ, ತಣಿದು, ಬಿಸಿಲೆ ಸಕಲೇಶಪುರಗಳ ಮೇಲೆ ಹೊರೆ ಇಳಿಸುತ್ತದೆ. ಪೂರ್ವಕ್ಕೆ ಬರುವ ಹೊತ್ತಿಗೆ ಮೋಡದ್ದು ಬರಿಗೈ. ಸಕಲೇಶಪುರದಲ್ಲಿ ವರ್ಷಕ್ಕೆ 2000 ಮಿ.ಮೀ. ದಾಟುವ ಮಳೆ, ಸುಮಾರು 80 ಕಿ.ಮೀ. ಆಚೆಯ ಚನ್ನರಾಯಪಟ್ಟಣದಲ್ಲಿ 700ರ ಆಸುಪಾಸು. ದಿನಕ್ಕೆ 64.5 ಮಿ.ಮೀ. ಮುಟ್ಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ ಎಂಬ ವರ್ಗೀಕರಣವೂ ಉಂಟು. ಮಕ್ಕಳ ಪಂಥಕ್ಕೆ ಈ ದಶಾಂಶಗಳ ಗೊಡವೆಯಿಲ್ಲ. ಅಲರ್ಟಿನ ಬಣ್ಣ ಕೆಂಪೋ ಕಿತ್ತಳೆಯೋ, ಅಷ್ಟು ತಿಳಿದರೆ ಸಾಕು. ಪಂಚಾಂಗದ ಪಂಥವಾದರೋ ಪುನರ್ವಸು, ಪುಷ್ಯ, ಆಶ್ಲೇಷ ಮಳೆಗಳಲ್ಲಿ, ಅಂದರೆ ಜುಲೈ ಮೊದಲ ವಾರದಿಂದ ಆಗಸ್ಟ್ ಮಧ್ಯದವರೆಗೆ, ರಜಾಯೋಗ ಪ್ರಬಲ ಎನ್ನುತ್ತದೆ. ಭಾನುವಾರ ಸುರಿದ ಮಳೆ ನಿಷ್ಫಲ ಎಂಬುದರಲ್ಲಿ ಮಾತ್ರ ಎಲ್ಲ ಪಂಥಗಳಿಗೂ ಏಕಾಭಿಪ್ರಾಯ.

ಇನ್ನು ಸಿದ್ಧಾಂತ. ಸಕಲೇಶಪುರದ ರಜೆ ಪ್ರತ್ಯಕ್ಷ ಪ್ರಮಾಣದಿಂದ ಸಿದ್ಧ. ನೆನೆದ ಗೋಡೆ, ತೋಡು ದಾಟುವ ಕಾಲುದಾರಿ, ಶಿರಾಡಿಯಲ್ಲಿ ಕುಸಿಯುವ ಗುಡ್ಡ ನೋಡಿದವರು ಅಲ್ಲಿ ತರ್ಕ ಮಾಡುವುದಿಲ್ಲ, ಮಾಡಲೂಬಾರದು. ಅರಕಲಗೂಡಿನದು ದ್ವೈತ: ಪಶ್ಚಿಮದ ಹಳ್ಳಿಗಳಿಗೆ ಜಡಿಮಳೆ, ಪೂರ್ವದವಕ್ಕೆ ತುಂತುರು. ಅದರ ಮೇಲೆ ಕೊಡಗಿನಲ್ಲಿ ಬಿದ್ದ ಮಳೆ ಕಾವೇರಿಯಲ್ಲಿ ಇಳಿದುಬಂದು ರಾಮನಾಥಪುರದ ಸ್ನಾನಘಟ್ಟ ಹತ್ತುತ್ತದೆ. ಹೊಳೆನರಸೀಪುರದ್ದು ಶುದ್ಧ ಅನುಮಾನ ಪ್ರಮಾಣ. ಅಲ್ಲಿ ಹನಿ ಬೀಳಬೇಕೆಂದೇ ಇಲ್ಲ. ಮೂಡಿಗೆರೆ, ಸಕಲೇಶಪುರಗಳಲ್ಲಿ ಸುರಿದದ್ದು ಹೇಮಾವತಿ ಸೇರಿ, ಗೊರೂರಿನ ಜಲಾಶಯ ತನ್ನ ಗರಿಷ್ಠ 2922 ಅಡಿಯ ಹತ್ತಿರ ಬಂದು, ಗೇಟು ಎತ್ತಿದರು ಎಂದರೆ ಊರಿನವರು ಬಿಸಿಲಲ್ಲೇ ನಿಂತು ಹೊಳೆ ನೋಡುತ್ತಾರೆ. ಹೊಗೆಯಿಂದ ಬೆಂಕಿಯನ್ನು ಊಹಿಸಿದ ನೈಯಾಯಿಕರಿಗೆ ಗೇಟಿನಿಂದ ರಜೆಯನ್ನು ಊಹಿಸುವ ಈ ಬಾಲಪಂಡಿತರು ಯಾವುದರಲ್ಲೂ ಕಡಿಮೆಯಲ್ಲ.

ಚನ್ನರಾಯಪಟ್ಟಣವೇ ಈ ಶಾಸ್ತ್ರದ ಕಗ್ಗಂಟು. ತೆಂಗಿನ ಗರಿಯೂ ಅಲುಗದ ಬೆಳಗು, ಶ್ರವಣಬೆಳಗೊಳದ ಬಂಡೆ ಒಣಗಿ ಬೆಳ್ಳಗಿದೆ. ಆದರೂ ಮಕ್ಕಳು ಮೊಬೈಲು ಕೆಳಗಿಡರು. ಆದೇಶ ತಾಲ್ಲೂಕುವಾರು ಬಂದರೆ ಅವರ ಹೆಸರಿಲ್ಲ. ಇಡೀ ಜಿಲ್ಲೆಗೆ ಬಂದರೆ ಸಕಲೇಶಪುರದ ಮಳೆಗೆ ಇವರಿಗೆ ರಜೆ. ಇದು ಶಬ್ದ ಪ್ರಮಾಣ. ಆಪ್ತವಾಕ್ಯ ಯಾವುದು, ವಾಟ್ಸಾಪಿನಲ್ಲಿ ಯಾರೋ ಹಳೇ ಆದೇಶದ ತಾರೀಖು ತಿದ್ದಿ ಹರಿಬಿಟ್ಟದ್ದು ಯಾವುದು ಎಂಬ ಪಾಠಾಂತರ ಚರ್ಚೆಯಲ್ಲಿ ಇಲ್ಲಿನ ಏಳನೇ ತರಗತಿ ನುರಿತಿದೆ. ಮೊಹರು ಓರೆಯಾಗಿದೆಯೆ, 'ಜಿಲ್ಲಾಧಿಕಾರಿ'ಗೆ ದೀರ್ಘ ತಪ್ಪಿದೆಯೆ ಎಂದು ಹಿಗ್ಗಿಸಿ ನೋಡುವ ಆ ಶ್ರದ್ಧೆಯನ್ನು ಶಾಸನತಜ್ಞರು ಕಲಿಯಬೇಕು.

ಅಪವಾದವೂ ಉಂಟು. ಚಳಿಗಾಲದ ಚಂಡಮಾರುತ ಬರುವುದು ಬಂಗಾಳ ಕೊಲ್ಲಿಯಿಂದ. 2024ರ ನವೆಂಬರ್ 30ರಂದು ಪುದುಚೇರಿ ಬಳಿ ದಡ ಸೇರಿದ ಫೆಂಗಲ್, ಡಿಸೆಂಬರ್ ಆರಂಭದಲ್ಲಿ ದಕ್ಷಿಣ ಕರ್ನಾಟಕದಲ್ಲೂ ಮಳೆ ಸುರಿಸಿತು. ಮುಂಗಾರಿಗೆ ಸಕಲೇಶಪುರ ಹೆಬ್ಬಾಗಿಲಾದರೆ ಈ ಮೋಡಗಳಿಗೆ ಚನ್ನರಾಯಪಟ್ಟಣವೇ ಹೆಬ್ಬಾಗಿಲು. ಪೂರ್ವದ ಮಕ್ಕಳು ಆಸೆ ಇಡಬೇಕಾದ ಸಮುದ್ರ ಅದು.

ತೌಲನಿಕ ಅಧ್ಯಯನವಿಲ್ಲದೆ ಪ್ರಬಂಧಕ್ಕೆ ಪದವಿ ಸಿಗದು. ಅಮೆರಿಕದ ಮಕ್ಕಳು ಹಿಮದ ರಜೆ ಬೇಡಿ ಪೈಜಾಮ ಒಳಹೊರಗು ಮಾಡಿ ತೊಟ್ಟು, ದಿಂಬಿನಡಿ ಚಮಚ ಇಟ್ಟು ಮಲಗುವುದುಂಟು. ನಮ್ಮವರು ನೇರವಾಗಿ ಡಿಸಿಯವರ ಫೇಸ್‌ಬುಕ್ ಪುಟಕ್ಕೇ ಹೋಗಿ 'ಸಾರ್, ನಾಳೆ ರಜಾ ಕೊಡಿ ಸಾರ್' ಎಂದು ಬರೆಯುತ್ತಾರೆ. ದೇವರಿಗಿಂತ ಅಧಿಕಾರಿ ಹತ್ತಿರ ಎಂಬ ಈ ಪ್ರಜ್ಞೆ ನಮ್ಮ ನಾಡಿನ ಹೆಗ್ಗಳಿಕೆ.

ಆದರೆ ರಜೆ ದಾನವಲ್ಲ, ಕೈಗಡ. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 8ನೇ ತರಗತಿಗೆ ವರ್ಷಕ್ಕೆ 220 ಶಾಲಾದಿನ ನಿಗದಿ ಮಾಡಿದೆ. ಪುಷ್ಯ ಮಳೆಯಲ್ಲಿ ಪಡೆದದ್ದನ್ನು ಹೆಡ್‌ಮಾಸ್ಟರು ಶನಿವಾರ ಮಧ್ಯಾಹ್ನಗಳಲ್ಲಿ ಕಂತು ಕಂತಾಗಿ ವಸೂಲು ಮಾಡುತ್ತಾರೆ, ಅದೂ ರಣಬಿಸಿಲಿನಲ್ಲಿ. ರಜೆ ಘೋಷಿಸಿದ ಅರ್ಧ ಗಂಟೆಗೆ ಮಳೆ ನಿಲ್ಲುತ್ತದೆ ಎಂಬ ಜನಪ್ರಿಯ ಸೂತ್ರ ಇನ್ನೂ ಪರಿಶೀಲನೆಯಲ್ಲಿದೆ. ಪರಿಶೀಲಿಸಬೇಕಾದವರೆಲ್ಲ ಆಗ ಕ್ರಿಕೆಟ್ ಆಡಲು ಹೋಗಿರುತ್ತಾರೆ.

ಮಾನ್ಯ ಜಿಲ್ಲಾಧಿಕಾರಿಗಳಲ್ಲಿ ಈ ಶಾಸ್ತ್ರದ ಪರವಾಗಿ ಒಂದೇ ಅರಿಕೆ. ಆದೇಶವನ್ನು ಹಿಂದಿನ ರಾತ್ರಿ ಊಟದ ಹೊತ್ತಿಗೇ ಹೊರಡಿಸಿ. ಬೆಳಿಗ್ಗೆ ಏಳೂವರೆಗೆ, ಚಿತ್ರಾನ್ನ ಡಬ್ಬಿಗೆ ತುಂಬಿ ಮಗುವನ್ನು ಬಸ್ಸು ಹತ್ತಿಸಿದ ಮೇಲೆ ಬರುವ ರಜೆಯನ್ನು ಯಾವ ತಾಯಿಯೂ ರಜೆ ಎಂದು ಒಪ್ಪುವುದಿಲ್ಲ.