ಗುಂಯ್ ರಾಯರು

ರಾಯರ ಮನೆಗೆ ಹೋದವರಿಗೆ ಕಾಫಿಗಿಂತ ಮೊದಲು ಬರುವುದು ಹೆಡ್‌ಫೋನು. ಚಪ್ಪಲಿ ಬಿಟ್ಟು ಆಗಷ್ಟೇ ಒಳಗೆ ಕಾಲಿಟ್ಟಿರುತ್ತೀರಿ, ಅದನ್ನು ತಂದು ನಿಮ್ಮ ಕಿವಿಗೆ ಸಿಕ್ಕಿಸಿ, ಎದುರಿಗೆ ಕೂತು, ನಿಮ್ಮ ಮುಖವನ್ನೇ ದಿಟ್ಟಿಸುತ್ತಾ "ಕೇಳಿಸ್ತಾ?" ಅನ್ನುತ್ತಾರೆ. ನಿಮಗೆ ಏನೂ ಕೇಳಿಸುವುದಿಲ್ಲ. ಹಾಡು ಇನ್ನೂ ಶುರುವಾಗಿಲ್ಲವೇನೋ ಅಂದುಕೊಂಡು ಕಾಯುತ್ತೀರಿ. "ಗಮನ ಇಟ್ಟು ಕೇಳಿ, ತಳದಲ್ಲಿದೆ, ಗುಂಯ್ ಅಂತ." ಇಲ್ಲ ಅಂದರೆ ನಿಮ್ಮ ಕಿವಿ ಸರಿಯಿಲ್ಲ, ಹೌದು ಅಂದರೆ ಅವರ ಮನೆಯ ವೈರಿಂಗ್ ಸರಿಯಿಲ್ಲ. ಹೌದು ಅಂದುಬಿಡುವುದೇ ಲೇಸು. ರಾಯರ ಮುಖ ಅರಳುತ್ತದೆ. "ನೋಡಿದ್ಯಾ, ಇವರಿಗೂ ಕೇಳಿಸ್ತಂತೆ!" ಎಂದು ಅಡುಗೆಮನೆ ಕಡೆ ಕೂಗುತ್ತಾರೆ. ಒಳಗಿಂದ ಉತ್ತರ ಬರುವುದಿಲ್ಲ, ಪಾತ್ರೆ ಸ್ವಲ್ಪ ಜೋರಾಗಿ ಸದ್ದು ಮಾಡುತ್ತದೆ ಅಷ್ಟೆ.

ರಾಯರೆಂದರೆ ಒಬ್ಬರೇ ಎಂದು ತಿಳಿಯಬೇಡಿ. ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿನಲ್ಲಿ ಹುಡುಕಿದರೂ ಒಬ್ಬರಾದರೂ ಸಿಗುತ್ತಾರೆ. ವಯಸ್ಸು ನಲವತ್ತರ ಆಚೀಚೆ, ಹಗಲಿಗೆ ಸಾಫ್ಟ್‌ವೇರ್, ಕಾಲೇಜ್ ಡೇಯಲ್ಲಿ ಕೀಬೋರ್ಡ್ ನುಡಿಸಿ ಬಹುಮಾನವಾಗಿ ಪಡೆದ ಒಂದು ಸ್ಟೀಲ್ ಲೋಟ, ಮತ್ತು ಮೂರನೇ ಬೆಡ್‌ರೂಮು. ಆ ರೂಮನ್ನು ಮನೆಯವರು ಸಾಮಾನಿನ ಕೋಣೆ ಅನ್ನುತ್ತಾರೆ, ರಾಯರು ಸ್ಟುಡಿಯೋ ಅನ್ನುತ್ತಾರೆ. ಗೋಡೆ ತುಂಬ ಕಪ್ಪು ಸ್ಪಂಜು, ಮೇಜಿನ ಮೇಲೆ ಸಿಂಥಸೈಜರ್, ಅದರ ಪಕ್ಕ ಆಡಿಯೋ ಇಂಟರ್‌ಫೇಸ್ ಎಂಬ ಪುಟ್ಟ ಡಬ್ಬ, ಅದರಿಂದ ಲ್ಯಾಪ್‌ಟಾಪಿಗೆ ಒಂದು ವೈರು, ಮೇಜಿನ ಕೆಳಗೆ ಯಾರಿಗೂ ಲೆಕ್ಕ ಸಿಗದಷ್ಟು ವೈರು. ಈ ಸಂಸಾರವೆಲ್ಲ ಕೂಡಿಬಂದದ್ದು ಒಂದು ಜೋಗುಳಕ್ಕಾಗಿ. ಮಗಳ ಮೊದಲ ಹುಟ್ಟುಹಬ್ಬಕ್ಕೆ ರೆಕಾರ್ಡ್ ಮಾಡಬೇಕೆಂದು ರಾಯರು ರಾಗ ಹಾಕಲು ಕೂತಿದ್ದರು. ಮಗಳು ಈಗ ಎಂಟನೇ ಕ್ಲಾಸು.

ಜೋಗುಳ ಯಾಕೆ ಆಗಲಿಲ್ಲ ಅಂದರೆ ಗುಂಯ್ ಇನ್ನೂ ಹೋಗಿಲ್ಲ.

ಈ ಗುಂಯ್ ಬಗ್ಗೆ ರಾಯರಿಗೆ ತಿಳಿದಿರುವಷ್ಟು ಸಂಗೀತದ ಬಗ್ಗೆ ತಿಳಿದಿದ್ದರೆ ಇಷ್ಟು ಹೊತ್ತಿಗೆ ಅವರಿಗೆ ಪ್ರಶಸ್ತಿಯೊಂದು ಬಂದಿರುತ್ತಿತ್ತು. "ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಡುತ್ತಲ್ಲ, ಅದರ ಶ್ರುತಿ ಯಾವುದು ಹೇಳಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ತಾವೇ ಹೇಳುತ್ತಾರೆ. ಹಾರ್ಮೋನಿಯಂನ ಐದು ಮನೆಯನ್ನು ಕೆಳಗಿಳಿಸುತ್ತಾ ಹೋದರೆ 49 ಹರ್ಟ್ಸ್ ಸಿಗುತ್ತದೆ, ಐದೂವರೆ ಮನೆಯದ್ದು ಸುಮಾರು 52. ಗುಂಯ್ ಈ ಎರಡರ ನಡುವೆ ಎಲ್ಲೂ ಸೇರದೆ ನಿಂತಿದೆ. ಅಮೆರಿಕದಲ್ಲಿ ಕರೆಂಟು 60 ಹರ್ಟ್ಸ್. ಅಲ್ಲಿನ ಗುಂಯ್ ಆರೂವರೆಗೂ ಏಳಕ್ಕೂ ನಟ್ಟನಡುವೆ. ಇದನ್ನು ಅವರು ಪುಸ್ತಕದಲ್ಲಿ ಓದಿ ಹೇಳುವುದಲ್ಲ. ತಂಗಿಯ ಬಾಣಂತನದ ನೆಪದಲ್ಲಿ ಮನೆಮಂದಿಯೆಲ್ಲ ಅಮೆರಿಕಕ್ಕೆ ಹೋಗಿ ಬಂದರು. ಉಳಿದವರು ನಯಾಗರಾ ಜಲಪಾತದ ಫೋಟೋ ತೋರಿಸಿದರೆ ರಾಯರು ತಂಗಿಯ ಮನೆ ಫ್ರಿಜ್ಜಿನ ಸದ್ದನ್ನು ಕೇಳಿಸಿದರು. "ಎರಡೂ ದೇಶದ್ದು ಅಪಶ್ರುತಿಯೇ" ಎಂಬುದು ಅವರ ಪ್ರವಾಸ ಕಥನ.

ಗುಂಯ್‌ಗೆ ಬಂಧುಬಳಗವೂ ಇದೆ. ಮೌಸ್ ಅಲ್ಲಾಡಿಸಿದಾಗ ಬರುವ ಸಣ್ಣ ಕಿರ್ರ್ ಲ್ಯಾಪ್‌ಟಾಪಿನ ಹೊಟ್ಟೆಯಿಂದ ಯುಎಸ್‌ಬಿ ವೈರಿನ ಮೂಲಕ ಇಳಿದುಬಂದದ್ದು. ಹಳೇ ಮೊಬೈಲನ್ನು ಸ್ಪೀಕರ್ ಪಕ್ಕ ಇಟ್ಟರೆ ಫೋನ್ ಬರುವ ಮುಂಚೆಯೇ ಟಿಟಿಟ್ ಟಿಟಿಟ್ ಅನ್ನುವುದು 217 ಹರ್ಟ್ಸಿನದು. ಸುಮ್ಮನೆ ಸುರಿಯುವ ಸುಸ್ಸ್ ಬೇರೆ, ಅದರ ಕಾರಣ ಬೇರೆ. ಸಂಗೀತ ಕಚೇರಿಗೆ ಕರೆದುಕೊಂಡು ಹೋದರೆ ರಾಯರು ಪಲ್ಲವಿಗೆ ತಲೆದೂಗುವುದಿಲ್ಲ. "ಎಲೆಕ್ಟ್ರಾನಿಕ್ ತಂಬೂರಿಯ ಅಡಾಪ್ಟರ್ ಸರಿಯಿಲ್ಲ" ಎಂದು ನಿಮ್ಮ ಕಿವಿಯಲ್ಲಿ ಪಿಸುಗುಡುತ್ತಾರೆ. ಅಲ್ಲಿಂದಾಚೆ ನಿಮಗೂ ಪಲ್ಲವಿ ಕೇಳಿಸುವುದಿಲ್ಲ, ಅಡಾಪ್ಟರೇ ಕೇಳಿಸುತ್ತದೆ. ಅದೇ ರಾಯರ ಸಹವಾಸದ ಫಲ.

ಗುಂಯ್ ಹುಟ್ಟುವ ಬಗೆಯನ್ನು ಅವರು ಚೆನ್ನಾಗಿಯೇ ವಿವರಿಸುತ್ತಾರೆ. ಸಿಂಥು ತನ್ನ ಮೂರು ಪಿನ್ನಿನ ವೈರಿನಿಂದ ಭೂಮಿ ಸೇರುತ್ತದೆ. ಲ್ಯಾಪ್‌ಟಾಪು ತನ್ನ ಚಾರ್ಜರಿನಿಂದ ಅದೇ ಭೂಮಿಯನ್ನು ಸೇರುತ್ತದೆ. ಸಾಲದ್ದಕ್ಕೆ ಇವೆರಡನ್ನೂ ಯುಎಸ್‌ಬಿ ವೈರು, ಆಡಿಯೋ ವೈರು ಎಂದು ಮತ್ತೆ ಒಂದಕ್ಕೊಂದು ಕಟ್ಟಿರುತ್ತೀರಿ. ಒಂದೇ ಸುದ್ದಿ ಇಬ್ಬರು ಓರಗಿತ್ತಿಯರ ಬಾಯಿಂದ ಬಂದ ಹಾಗಾಯಿತು: ಎರಡರ ನಡುವೆ ಕೂದಲೆಳೆಯ ವ್ಯತ್ಯಾಸ ಇದ್ದೇ ಇರುತ್ತದೆ, ಆ ವ್ಯತ್ಯಾಸವೇ ಮನೆ ತುಂಬ ಗುಂಯ್‌ಗುಡುತ್ತದೆ. ಇದಕ್ಕೆ ಗ್ರೌಂಡ್ ಲೂಪ್ ಎಂದು ಹೆಸರು. ನಂಬಿಕೆ ಬಾರದಿದ್ದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ತೋರಿಸುತ್ತಾರೆ. ಸದ್ದು ತಟ್ಟನೆ ನಿಲ್ಲುತ್ತದೆ. ಮತ್ತೆ ಚುಚ್ಚುತ್ತಾರೆ. ಗುಂಯ್.

"ಹಾಗಿದ್ರೆ ಚಾರ್ಜರ್ ತೆಗೆದೇ ನುಡಿಸಬಹುದಲ್ಲ ರಾಯರೇ?" ಎಂದು ನಾನು ಕೇಳಿದ್ದುಂಟು.

"ಅದು ಶಮನ, ಪರಿಹಾರ ಅಲ್ಲ" ಅಂದರು, ಸ್ವಲ್ಪ ನೊಂದುಕೊಂಡೇ.

ಪರಿಹಾರದ ಬೆಲೆಯನ್ನು ತೆರುತ್ತಿದ್ದವರು ಮನೆಯವರು. ಹಳೆಯ ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರುಗಳು ಕರೆಂಟಿನ ಅಲೆಯನ್ನು ಕತ್ತರಿಸಿ ಕತ್ತರಿಸಿ ಫ್ಯಾನಿಗೆ ಕೊಡುತ್ತವೆ. ಆ ಕತ್ತರಿ ಸದ್ದು ವೈರಿಗೆ ಅಂಟುತ್ತದೆ. ಪೂರ್ತಿ ಐದಕ್ಕೆ ತಿರುಗಿಸಿದರೆ ಕತ್ತರಿಸುವ ಕೆಲಸವೇ ಇಲ್ಲ, ಸದ್ದೂ ಇಲ್ಲ. ಹೀಗಾಗಿ ರಾಯರು ಸ್ಟುಡಿಯೋದಲ್ಲಿದ್ದಾಗ ಮನೆಯ ಫ್ಯಾನುಗಳೆಲ್ಲ ಒಂದೋ ಆಫ್, ಇಲ್ಲವೋ ಐದು. ಡಿಸೆಂಬರಿನಲ್ಲಿ ಅವರ ತಾಯಿ ಹಾಲಿನಲ್ಲಿ ಸ್ವೆಟರ್ ಹಾಕಿ, ಕಿವಿಗೆ ಮಫ್ಲರ್ ಸುತ್ತಿ, ಫ್ಯಾನಿನ ಬಿರುಗಾಳಿಯಲ್ಲಿ ಧಾರಾವಾಹಿ ನೋಡುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಎಲ್‌ಇಡಿ ಬಲ್ಬುಗಳ ಮೇಲೂ ಗುಮಾನಿ ಇದ್ದದ್ದರಿಂದ ಆಗಾಗ ಕತ್ತಲೆ. "ರೀ, ಫ್ರಿಜ್ ಆಫ್ ಮಾಡಿ ಎಷ್ಟು ಹೊತ್ತಾಯ್ತು? ಹಾಲು ಒಡೆದುಹೋಗಿದೆ" ಎಂದು ಹೆಂಡತಿ ಬಾಗಿಲು ಬಡಿದರೆ, ಒಳಗಿಂದ "ಫ್ರಿಜ್ ಅಲ್ಲ ಅಂತ ಈಗ ಗೊತ್ತಾಯ್ತು, ಹಾಕಿಕೋ" ಎಂದು ಸಂಶೋಧನೆಯ ಫಲಿತಾಂಶ ಪ್ರಕಟವಾಗುತ್ತಿತ್ತು.

ಆಮೇಲೆ ಅರ್ಥಿಂಗ್ ಮೇಲೆ ಕಣ್ಣು ಬಿತ್ತು. ಕಟ್ಟಡದ ಹಿಂದೆ ಇದ್ದಿಲು, ಉಪ್ಪು ತುಂಬಿ ಕೊಳವೆ ಹೂತ ಗುಂಡಿ ಇರುತ್ತದಲ್ಲ, ಅದರ ಮಣ್ಣು ಒಣಗಿದರೆ ಕರೆಂಟು ಭೂಮಿಗೆ ಇಳಿಯುವುದು ಕಷ್ಟ. ಬೇಸಿಗೆಯಲ್ಲಿ ನೀರು ಹಾಕಬೇಕೆಂಬುದು ಶಾಸ್ತ್ರೋಕ್ತವೇ. ರಾಯರು ದಿನಾ ಬೆಳಿಗ್ಗೆ ಸ್ನಾನ ಮುಗಿಸಿ ಒಂದು ಬಕೆಟ್ ನೀರು ಹೊಯ್ಯತೊಡಗಿದರು. ವಾಚ್‌ಮನ್ ಅದೇನೋ ಹರಕೆ ಎಂದು ತಿಳಿದು ಪಕ್ಕದಲ್ಲಿ ಎರಡು ಊದುಬತ್ತಿ ಚುಚ್ಚಿದ. ಎಲ್ಲವೂ ಸಾಂಗವಾಗಿ ನಡೆಯುತ್ತಿತ್ತೇನೋ, ಆದರೆ ಅದು 2024ರ ಬೇಸಿಗೆ. ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರಿಗಾಗಿ ಜನ ಬಾಯಿ ಬಿಡುತ್ತಿದ್ದ ಕಾಲ. ಅಸೋಸಿಯೇಷನ್ ಸೆಕ್ರೆಟರಿ ರಾಯರನ್ನು ಬಕೆಟ್ ಸಮೇತ ಹಿಡಿದರು. "ಸಿಂಥಸೈಜರಿಗೆ" ಎಂಬ ಉತ್ತರ ಅವರಿಗೆ ತೃಪ್ತಿ ಕೊಡಲಿಲ್ಲ.

ಇನ್ನು ಖರ್ಚಿನ ವಿಷಯ. ಎಸ್.ಪಿ. ರೋಡಿನಲ್ಲಿ ರಾಯರನ್ನು ಕಂಡರೆ ಅಂಗಡಿಯವರು ಸ್ಟೂಲು ಹಾಕುತ್ತಾರೆ. ವೈರಿಗೆ ಕಚ್ಚಿಸುವ ಫೆರೈಟ್ ಉಂಡೆಗಳು ಬಂದವು. ಜ್ಯಾಕಿನ ಮೇಲೆ ಒಂದರ ಬದಲು ಎರಡು ಕಪ್ಪು ಗೆರೆ ಇರುವ ದುಬಾರಿ ವೈರು ಬಂತು. ಸಿಂಥಿನ ತೂತಿನಲ್ಲೇ ಎರಡನೆಯ ಗೆರೆಗೆ ಕೆಲಸವಿಲ್ಲವಾದ್ದರಿಂದ ಅದೂ ಗುಂಯ್ ಅಂದಿತು. ಯುಎಸ್‌ಬಿ ಐಸೊಲೇಟರ್ ಬಂತು. ಅದನ್ನು ಹಾಕಿದೊಡನೆ ಸದ್ದು ಪೂರ್ತಿ ನಿಂತು ರಾಯರು ಕುಣಿದಾಡಿದರು. ನಿಂತದ್ದು ಯಾಕೆ ಅಂದರೆ, ಆ ಡಬ್ಬಿಯ ವೇಗ ಸೆಕೆಂಡಿಗೆ 12 ಮೆಗಾಬಿಟ್, ಇಂಟರ್‌ಫೇಸಿಗೆ ಬೇಕಾದದ್ದು 480ರ ದಾರಿ. ಲ್ಯಾಪ್‌ಟಾಪು ಇಂಟರ್‌ಫೇಸನ್ನು ಗುರುತೇ ಹಿಡಿದಿರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ರಾಯರಿಗೆ ಕೈ ಮುಗಿಯಬೇಕು. ಎಲೆಕ್ಟ್ರಿಷಿಯನ್ ಹುಡುಗ ಬಂದವನು ಎಲ್ಲ ಕೇಳಿಸಿಕೊಂಡು, ಜೇಬಿನಿಂದ ಕಟಿಂಗ್ ಪ್ಲೇಯರ್ ತೆಗೆದು, "ಅಷ್ಟೇನಾ ಸಾರ್, ಈ ಮೇಲಿನ ಪಿನ್ ಮುರಿದುಬಿಡೋಣ, ಸದ್ದು ಹೋಗುತ್ತೆ" ಅಂದ.

"ಸದ್ದೂ ಹೋಗುತ್ತಪ್ಪಾ, ನಾನೂ ಹೋಗ್ತೀನಿ" ಎಂದು ರಾಯರು ಅವನ ಕೈ ಹಿಡಿದುಕೊಂಡರು. ಆಮೇಲೆ ಅವನನ್ನು ಕೂರಿಸಿ ಪಾಠ ಮಾಡಿದರು. ಆ ಪಿನ್ ಉಳಿದೆರಡಕ್ಕಿಂತ ಉದ್ದ ಯಾಕೆ? ಒಳಗೆ ಹೋಗುವಾಗ ಮೊದಲು ಭೂಮಿಯ ಸಂಬಂಧ ಆಗಲಿ, ಹೊರಗೆ ಬರುವಾಗ ಕೊನೆಗೆ ಬಿಡಲಿ ಅಂತ. ದಪ್ಪ ಯಾಕೆ? ಬೇರೆ ತೂತಿಗೆ ತೂರದಿರಲಿ ಅಂತ. ಅರ್ಥ್ ಇಲ್ಲದ ಸಾಕೆಟ್ಟಿಗೆ ಚುಚ್ಚಿದ ಲ್ಯಾಪ್‌ಟಾಪಿನ ಲೋಹದ ಮೈ ಸವರಿದರೆ ಬೆರಳು ಜುಮ್ಮನ್ನುವುದು ನಿನಗೆ ಗೊತ್ತಲ್ಲ? ಅದು ಚಾರ್ಜರಿನೊಳಗಿನ ಕೆಪಾಸಿಟರಿನಿಂದ ಜಿನುಗುವ ಕರೆಂಟು, ಜೀವಕ್ಕೆ ಅಪಾಯವಿಲ್ಲ. ಆದರೆ ಒಳಗೆ ಫೇಸ್ ವೈರೇ ಕಳಚಿ ಮೈಗೆ ತಾಗಿದರೆ 230 ವೋಲ್ಟಿಗೆ ಬೇರೆ ದಾರಿ ಯಾವುದು, ನಾನೇ ತಾನೆ? ಹುಡುಗ ಪ್ಲೇಯರ್ ಒಳಗಿಟ್ಟುಕೊಂಡು, ವಿಸಿಟಿಂಗ್ ಚಾರ್ಜ್ ಕೇಳಲೂ ಮರೆತು ಹೋದ.

ಇಂಥ ಮನೆಗೆ ಒಂದು ಭಾನುವಾರ ಆರ್ಕೆಸ್ಟ್ರಾ ಮೇಷ್ಟ್ರು ಬಂದರು. ರಾಯರ ಹೆಂಡತಿಯ ಊರಿನವರು, ಮಂಡ್ಯದ ಕಡೆ. ಗಣಪತಿ ಪೆಂಡಾಲು, ಜಾತ್ರೆ, ನವೆಂಬರ್ ತಿಂಗಳ ರಾಜ್ಯೋತ್ಸವ ಎಂದು ಊರೂರು ಸುತ್ತಿ ಕೀಬೋರ್ಡ್ ನುಡಿಸಿದವರು. ಜನರೇಟರ್, ವೆಲ್ಡಿಂಗ್ ಅಂಗಡಿಯಿಂದ ಎಳೆದ ಲೈನು, ಪಕ್ಕದಲ್ಲೇ ಸೀರಿಯಲ್ ಸೆಟ್ಟು, ಮೇಲೆ ಮಳೆ, ಇವುಗಳ ನಡುವೆ ಬಾಳಿದ ಜೀವ. ಅವರಿಗೂ ಹೆಡ್‌ಫೋನು ಬಂತು. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ, ಕೈಯಲ್ಲೇ ಹಿಡಿದು ಸಿಂಥಿನ ಕಡೆ ನೋಡಿದರು.

"ವಾಲ್ಯೂಮ್ ಯಾಕೆ ಸಾರ್ ಕಾಲು ಭಾಗ ಇಟ್ಟಿದೀರಿ?"

"ಒಡೀಬಾರದು ಅಂತ. ಬೇಕಾದ್ದನ್ನ ಇಂಟರ್‌ಫೇಸಿನ ಗೇನ್‌ನಲ್ಲಿ ಎತ್ಕೋತೀನಿ."

ಮೇಷ್ಟ್ರು ಸಿಂಥಿನ ವಾಲ್ಯೂಮನ್ನು ಮುಕ್ಕಾಲಿಗೆ ಏರಿಸಿ, ಗೇನನ್ನು ಅಷ್ಟೇ ಇಳಿಸಿದರು. ಅಲ್ಲಿಗೆ ಸುಸ್ಸ್ ಹೋಯಿತು, ಗುಂಯ್ ಅರ್ಧವಾಯಿತು. ರಾಯರು ಎತ್ತಿಕೊಳ್ಳುತ್ತಿದ್ದದ್ದು ಜೋಗುಳವನ್ನಷ್ಟೇ ಅಲ್ಲ, ಜೊತೆಗೆ ಬೆಸ್ಕಾಮನ್ನೂ. ಆಮೇಲೆ ಸಿಂಥಿನಿಂದ ಲ್ಯಾಪ್‌ಟಾಪಿಗೆ ಹೋಗುತ್ತಿದ್ದ ಯುಎಸ್‌ಬಿ ವೈರನ್ನು ಕಿತ್ತು, ಹೆಗಲ ಚೀಲದಿಂದ, ಯಾವ ಮನೆ ಒತ್ತಿದ್ದೆಂಬ ಸುದ್ದಿ ಒಯ್ಯುವ ಐದು ಪಿನ್ನಿನ ಹಳೇ ಮಿಡಿ ವೈರು ತೆಗೆದು ಸಿಂಥಿನಿಂದ ಇಂಟರ್‌ಫೇಸಿಗೆ ಹಾಕಿದರು. ಕಿರ್ರ್ ಹೋಯಿತು.

ರಾಯರ ಕಣ್ಣಲ್ಲಿ ಮಿಂಚು. "ಹೌದಲ್ವಾ! 1983ರ ಮಿಡಿ! ಡೇವ್ ಸ್ಮಿತ್, ರೋಲ್ಯಾಂಡಿನ ಇಕುತಾರೊ ಕಾಕೆಹಾಶಿ ಸೇರಿ ತಂದದ್ದು! ಇಬ್ಬರಿಗೂ 2013ರಲ್ಲಿ ಟೆಕ್ನಿಕಲ್ ಗ್ರ್ಯಾಮಿ ಬಂತು. ಅದರ ಇನ್‌ಪುಟ್ಟಿನಲ್ಲಿ ಆಪ್ಟೊ ಕಪ್ಲರ್ ಇರುತ್ತೆ ಮೇಷ್ಟ್ರೇ. ಸುದ್ದಿ ತಂತಿಯಲ್ಲಿ ದಾಟೋದಿಲ್ಲ, ಬೆಳಕಾಗಿ ದಾಟುತ್ತೆ. ಗ್ರೌಂಡ್ ಲೂಪ್ ಆಗಬಾರದು ಅಂತಲೇ ಹಾಗೆ ಮಾಡಿದ್ದು!"

"ಹೌದಾ ಸಾರ್? ನಮಗೆ ಅಷ್ಟೆಲ್ಲ ಗೊತ್ತಿಲ್ಲ. ಸ್ಟೇಜ್ ಮೇಲೆ ಅದು ಹಾಕಿದ್ರೆ ಕಿರ್ ಅನ್ನುತ್ತೆ, ಇದು ಹಾಕಿದ್ರೆ ಅನ್ನಲ್ಲ."

ಉಳಿದದ್ದು ತಳದ ಗುಂಯ್. ಮೇಷ್ಟ್ರು ಚೀಲದಿಂದ ಬಣ್ಣ ಹೋದ ತಗಡಿನ ಡಬ್ಬಿ ತೆಗೆದರು. ಡಿಐ ಬಾಕ್ಸು. ಒಳಗೆ ಪುಟ್ಟ ಟ್ರಾನ್ಸ್‌ಫಾರ್ಮರು: ಸಂಗೀತ ಒಂದು ಸುರುಳಿಯಿಂದ ಇನ್ನೊಂದಕ್ಕೆ ದಾಟುತ್ತದೆ, ಎರಡರ ನಡುವೆ ತಂತಿಯ ನಂಟಿಲ್ಲ. ಸಿಂಥನ್ನು ಅದಕ್ಕೆ ಚುಚ್ಚಿ, ಅಲ್ಲಿಂದ ಮೈಕಿನ ವೈರನ್ನು ಇಂಟರ್‌ಫೇಸಿಗೆ ಕೊಟ್ಟು, ಪಕ್ಕದಲ್ಲಿದ್ದ ಲಿಫ್ಟ್ ಎಂಬ ಗುಂಡಿಯನ್ನು ಉಗುರಿನಿಂದ ಆಚೆ ತಳ್ಳಿದರು. ಗುಂಯ್ ಸತ್ತಿತು. ಇಷ್ಟಾದರೂ ಅವರಿಗೆ ಕೊಟ್ಟ ಕಾಫಿ ಇನ್ನೂ ಬಿಸಿಯಾಗಿಯೇ ಇತ್ತು.

"ನುಡಿಸಿ ಸಾರ್, ಕೇಳೋಣ."

ರಾಯರು ಕೂತರು. ಜೋಗುಳದ ಮೊದಲ ಸಾಲು ಬಂತು, ನಿಜವಾಗಿಯೂ ಚೆನ್ನಾಗಿತ್ತು. ಮತ್ತೆ ಮೊದಲ ಸಾಲೇ ಬಂತು. ಮೂರನೇ ಸಲ ಸ್ವಲ್ಪ ನಿಧಾನವಾಗಿ ಅದೇ ಬಂತು. ಇಷ್ಟು ವರ್ಷ ಎರಡನೇ ಸಾಲಿನ ಅಗತ್ಯ ಬಿದ್ದಿರಲಿಲ್ಲ. 1982ರಲ್ಲಿ ಬೊಂಬಾಯಿಯಲ್ಲಿ ಚರಣ್‌ಜಿತ್ ಸಿಂಗ್ ಎಂಬವರು ಎರಡು ಸಿಂಥಸೈಜರು, ಒಂದು ತಾಳದ ಯಂತ್ರ ಇಟ್ಟುಕೊಂಡು ಹತ್ತು ರಾಗಗಳ ಒಂದು ಇಡೀ ರೆಕಾರ್ಡನ್ನೇ ಮಾಡಿಬಿಟ್ಟರು. ಅವರಿಗೂ ಗುಂಯ್ ಕೇಳಿಸಿರಲೇಬೇಕು ಅನ್ನುವುದು ನನ್ನ ಅನುಮಾನ. ರಾಯರ ಎದುರು ಈ ಮಾತು ಎತ್ತಲಿಲ್ಲ. ಅಷ್ಟು ಕ್ರೂರಿ ನಾನಲ್ಲ.

ಮುಂದಿನ ತಿಂಗಳು ಒಂದು ಮದುವೆಯಲ್ಲಿ ರಾಯರು ಸಿಕ್ಕರು. ಊಟಕ್ಕೆ ಕೂತಿದ್ದೆವು, ಹೋಳಿಗೆ ಬಡಿಸುತ್ತಾ ಬರುತ್ತಿದ್ದರು. ಛತ್ರದ ಸ್ಪೀಕರಿನಲ್ಲಿ ನಾದಸ್ವರದ ಕೆಳಗೆ ಹೆಜ್ಜೇನು ಗೂಡು ಕೆದಕಿದಂಥ ಸದ್ದು. ರಾಯರ ಕೈ ಎಲೆಯ ಮೇಲೆ ನಿಂತಿತು. "100 ಹರ್ಟ್ಸ್, ಜೊತೆಗೆ ಡಿಮ್ಮರ್" ಅಂದವರೇ ಎದ್ದರು. ಹೋಳಿಗೆ ಬರುವ ಹೊತ್ತಿಗೆ ಎಲೆ ಬಿಟ್ಟು ಎದ್ದ ಮನುಷ್ಯನನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅವರು ವೇದಿಕೆಯ ಹಿಂದೆ ಬಗ್ಗಿ, ಮಂಟಪದ ಅಲಂಕಾರದ ದೀಪಕ್ಕೂ ಮಿಕ್ಸರಿಗೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಿಂದ ಕರೆಂಟು ಹೋಗುತ್ತಿದ್ದುದನ್ನು ಹಿಡಿದು, ಮಿಕ್ಸರನ್ನು ಬೇರೆ ಲೈನಿಗೆ ಹಾಕಿಸಿ, ಎಲ್ಲಿಂದಲೋ ಒಂದು ಡಿಐ ಬಾಕ್ಸ್ ಹೊರತೆಗೆದರು. ಮೇಷ್ಟ್ರು ಬಂದುಹೋದ ದಿನದಿಂದ ಅದು ಅವರ ಜೇಬಿನಲ್ಲೇ ಇರುತ್ತದೆಂದು ಆಮೇಲೆ ತಿಳಿಯಿತು. ನಾದಸ್ವರ ತೊಳೆದಿಟ್ಟ ಹಾಗೆ ಕೇಳಿಸಿತು. ಓಲಗದವರು ತಿರುಗಿ ನೋಡಿ ನಕ್ಕರು.

ಸೌಂಡ್ ಸರ್ವೀಸಿನ ಹುಡುಗ ರಾಯರ ಪಕ್ಕ ಬಂದು ನಿಂತು ಏನೋ ಮಾತಾಡಿದ್ದನ್ನು ದೂರದಿಂದ ನೋಡಿದೆ. ರಾಯರು ಗಂಭೀರವಾಗಿ ತಲೆಯಾಡಿಸುತ್ತಿದ್ದರು. ಏನಂತೆ ಎಂದು ಮರುದಿನ ಫೋನ್ ಮಾಡಿದರೆ ಅವರ ಹೆಂಡತಿ ಎತ್ತಿಕೊಂಡರು.

"ಸೀಸನ್ನಿನಲ್ಲಿ ಬರ್ತೀರಾ ಸಾರ್, ದಿನಕ್ಕೆ ಎಂಟುನೂರು, ಊಟ ನಮ್ಮದು ಅಂದನಂತೆ. ನಗಾಡಿ ಬಿಡ್ತಾರೆ ಅಂದ್ಕೊಂಡಿದ್ದೆ. ಬೆಳಿಗ್ಗೆಯಿಂದ ಗೋಡೆ ಮೇಲಿನ ಕ್ಯಾಲೆಂಡರ್ ಕೆಳಗಿಳಿಸ್ಕೊಂಡು, ಶನಿವಾರ ಭಾನುವಾರ ಯಾವಾಗೆಲ್ಲ ಮುಹೂರ್ತ ಇದೆ ಅಂತ ಸುತ್ತು ಹಾಕ್ತಾ ಕೂತಿದಾರೆ."